ತಲೆಕೆಳಗೆ ನಿಂತ ಬಾಟಲಿಗಳು

ಮೋಹಿನಿಯವರು ಪೇಪರು ಓದುವ ಕ್ರಮವೇ ಬೇರೆ. ಪುತ್ತೂರು ಬಸ್ ನಿಲ್ದಾಣದ ಹತ್ತಿರದ ಬ್ಯಾಗಿನ ಅಂಗಡಿಯೊಂದರ ಜಗಲಿಯಲ್ಲಿ, ಬೆಳಕು ಇನ್ನೂ ಸರಿಯಾಗಿ ಹರಿಯದ ಹೊತ್ತಿನಲ್ಲಿ, ಅವರು ಹಳೆಯ ಪೇಪರಿನ ಹಾಳೆಯೊಂದನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ಮೂಲೆಯಿಂದ ಮೂಲೆಗೆ ಕಣ್ಣಾಡಿಸುತ್ತಿದ್ದಾರೆ. ಅದರಲ್ಲಿರುವ ಸುದ್ದಿ ಅವರಿಗೆ ಬೇಡ. ಅಕ್ಷರಗಳ ನಡುವೆ ಎಲ್ಲಾದರೂ ಎಣ್ಣೆಯ ಉಂಗುರ ಮೂಡಿದೆಯೇ ಎಂಬುದಷ್ಟೇ ಬೇಕು. ಹಿಂದಿನ ಸಂಜೆಯಿಂದ ಆ ಹಾಳೆಯ ಮೇಲೆ ಬಾಟಲಿಗಳು ತಲೆಕೆಳಗಾಗಿ, ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಶ್ಯಾಂಪೂ, ಕೈ ತೊಳೆಯುವ ಸೋಪಿನ ನೀರು, ಜೇನು, ಮಂಡಿನೋವಿನ ತೈಲ, ಮಿಡಿ ಉಪ್ಪಿನಕಾಯಿ. ಎಲ್ಲವೂ ವಿಮಾನ ಹತ್ತಲಿರುವ ಸಾಮಾನು.

ಪಕ್ಕದ ಹೋಟೆಲಿನಿಂದ ಚಾ ತಂದವನು ಗ್ಲಾಸು ಕೆಳಗಿಡುತ್ತಾ ಕೇಳುತ್ತಾನೆ, "ಎಂತ ಮೋಹಿನಕ್ಕ, ಪೇಪರಲ್ಲಿ ವಿಶೇಷ ಎಂತ ಉಂಟು?"

"ಎಂತ ಇಲ್ಲ ಮಾರಾಯ. ಎಂತ ಇಲ್ಲದಿದ್ರೇ ನಮಗೆ ವಿಶೇಷ."

ಅಲ್ಲಿಗೆ ಮೊದಲ ಸಾಲಿನ ಪರೀಕ್ಷೆ ಮುಗಿಯಿತು. ಪಾಸಾದ ಬಾಟಲಿಗಳನ್ನು ಒಂದೊಂದಾಗಿ ನೆಟ್ಟಗೆ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಅವರವರ ಹೆಸರಿನ ಚೀಲಕ್ಕೆ ಹಾಕುತ್ತಾರೆ. ಹೊರಗೆ ಸುಬ್ರಹ್ಮಣ್ಯದ ಬಸ್ಸು ಎಂಜಿನ್ ಬೆಚ್ಚಗೆ ಮಾಡಿಕೊಳ್ಳುತ್ತಾ ಜಗಲಿಯ ಹಲಗೆಯನ್ನು ನಡುಗಿಸುತ್ತಿದೆ. ಡಿಸೆಂಬರಿನ ಚಳಿ. ಅಂಗಡಿಯೊಳಗೆ ಇಟ್ಟಿದ್ದ ತೆಂಗಿನೆಣ್ಣೆಯೆಲ್ಲ ಬೆಣ್ಣೆಯ ಹಾಗೆ ಬಿಳಿಯಾಗಿ ಗಟ್ಟಿಯಾಗಿದೆ. ಆ ಬಾಟಲಿಗಳನ್ನು ಮಾತ್ರ ಮೋಹಿನಿ ಬೇರೆಯಾಗಿಟ್ಟಿದ್ದಾರೆ. ಅವುಗಳ ಪರೀಕ್ಷೆ ಈಗ ಆಗುವುದಿಲ್ಲ, ಬಿಸಿಲು ಬಂದ ಮೇಲೆ. ಯಾಕೆಂದು ಕೇಳಿದರೆ ಅವರು ಚುಟುಕಾಗಿ ಹೇಳುತ್ತಾರೆ: "ಗಟ್ಟಿ ಎಣ್ಣೆ ಸುಳ್ಳು ಹೇಳ್ತದೆ."

ಆ ಮಾತಿನ ಹಿಂದೆ ಒಂದು ವರ್ಷದ ಕತೆ ಇದೆ. ಆ ಕತೆಗೆ ಸೇರಿದವರು ಸುಳ್ಯ ಕಡೆಯ ಮೊದಲ ಬಸ್ಸಿನಿಂದ ಇಳಿದು, ಕೈಯಲ್ಲಿ ಹಿಡಿಕೆ, ಮುಚ್ಚಳ ಇರುವ ಸ್ಟೀಲಿನ ತೂಕುಪಾತ್ರೆ ಹಿಡಿದು, ಈಗ ರಸ್ತೆ ದಾಟುತ್ತಿದ್ದಾರೆ.

ಮರ್ಕಂಜದ ಶೀಲಾವತಿ ಮತ್ತು ಅವರ ಗಂಡ ಬೋಜಪ್ಪ. ಮಗಳು ನವ್ಯಾ ಮಸ್ಕತ್ತಿನಲ್ಲಿ ನರ್ಸು, ಅಳಿಯ ಭವಿತನಿಗೂ ಅಲ್ಲೇ ಕೆಲಸ. ನವ್ಯಾಳಿಗೆ ಈಗ ದಿನ ತುಂಬುತ್ತಿದೆ. ಬಾಣಂತನಕ್ಕೆ ತಾಯಿಯೇ ಅಲ್ಲಿಗೆ ಹೊರಟಿದ್ದಾರೆ, ಇವತ್ತು ಸಂಜೆ ಮಂಗಳೂರಿನಿಂದ ವಿಮಾನ. ಶೀಲಾವತಿ ಈ ಮೊದಲು ವಿಮಾನವನ್ನು ತಲೆ ಮೇಲೆತ್ತಿ ನೋಡಿದ್ದಲ್ಲದೆ ಹತ್ತಿ ನೋಡಿದವರಲ್ಲ. ಆದರೆ ಅವರ ಹೆದರಿಕೆ ವಿಮಾನದ್ದಲ್ಲ. ಹೆದರಿಕೆಯೆಲ್ಲ ತೂಕುಪಾತ್ರೆಯಲ್ಲಿದೆ. ಅದರೊಳಗಿರುವುದು ಮನೆಯಲ್ಲೇ ತೆಂಗಿನ ಹಾಲು ಹಿಂಡಿ, ಒಲೆಯ ಮುಂದೆ ಕೂತು ಕಾಯಿಸಿ ತೆಗೆದ ಎಣ್ಣೆ. ಹುಟ್ಟುವ ಮಗುವಿನ ಮೈಗೆ, ಬಾಣಂತಿಯ ತಲೆಗೆ.

ಜಗಲಿ ಹತ್ತಿದವರೇ ಶೀಲಾವತಿ ಪಾತ್ರೆಯನ್ನು ಮೇಜಿನ ಮೇಲಿಡಲಿಲ್ಲ. ಎದೆಗೆ ಒತ್ತಿಕೊಂಡೇ ನಿಂತು, "ಕಳೆದ ಸಲ ಕಟ್ಟಿದ್ದು ನೀನೇ ಅಲ್ವಾ?" ಎನ್ನುತ್ತಾರೆ.

"ನಾನೇ ಅಕ್ಕ."

"ಈ ಸಲವೂ ನೀನೇ ಕಟ್ಟುದಾ?"

"ನಾನೇ ಕಟ್ಟುದು. ಅದಕ್ಕೇ ನಿಮ್ಮನ್ನು ಬರ್ಲಿಕ್ಕೆ ಹೇಳಿದ್ದು. ಮೊದಲು ಕೂತ್ಕೊಳ್ಳಿ, ಚಾ ಕುಡಿಯಿರಿ."

ಶೀಲಾವತಿ ಕೂರುತ್ತಾರೆ. ಪಾತ್ರೆ ಮಡಿಲಿನಲ್ಲಿಯೇ ಉಳಿಯುತ್ತದೆ.

ವಿಮಾನಕ್ಕೆ ಬಾಟಲಿ ಕಟ್ಟಿಕೊಡುವುದು ಒಂದು ಕಸುಬು ಆಗಬಹುದೆಂದು ಮೋಹಿನಿಯವರಿಗೆ ಮೊದಲು ಗೊತ್ತಿರಲಿಲ್ಲ. ಕೆದಂಬಾಡಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಅವರು ಪುತ್ತೂರಿನ ಒಂದು ಎಣ್ಣೆ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಬಾಟಲಿ ತುಂಬಿಸುವುದು, ಮುಚ್ಚಳ ಬಿಗಿಯುವುದು, ಒರೆಸಿ ಪೆಟ್ಟಿಗೆಗೆ ಇಡುವುದು. ಅದನ್ನೆಲ್ಲ ಮಾಡುವ ಯಂತ್ರ ಬಂದ ಮೇಲೆ ಮಿಲ್ಲಿನವರು, "ಇನ್ನು ಬರುದು ಬೇಡ" ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. ಗಂಡ ತೀರಿಹೋಗಿ ಆಗಷ್ಟೇ ವರ್ಷ ಕಳೆದಿತ್ತು. ಮಗಳು ಪ್ರೀತಿಕಾ ಹೈಸ್ಕೂಲಿನಲ್ಲಿದ್ದಳು. ಅವಳಿಗೊಂದು ಶಾಲೆಯ ಬ್ಯಾಗು ತೆಗೆಯಲೆಂದು ಅಲಿ ಕುಂಞಿಯವರ ಅಂಗಡಿಗೆ ಬಂದ ದಿನವೇ ಈ ಕಸುಬೂ ಶುರುವಾದದ್ದು.

ಅವತ್ತು ದುಬೈಗೆ ಹೊರಟ ಹುಡುಗನೊಬ್ಬ ಹೊಸ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಭರಣಿ ತುರುಕುತ್ತಿದ್ದ. ಮೇಲಿಂದ ಬಿಳಿ ಅಂಗಿಗಳು. ಮೋಹಿನಿಯವರ ಕೈ ಸುಮ್ಮನಿರಲಿಲ್ಲ. "ತೆಗಿ ಮಗ ಅದನ್ನು" ಎಂದು ಭರಣಿ ಕೈಗೆ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಅಂಗಡಿಯಲ್ಲಿ ಬಿದ್ದಿದ್ದ ಹಾಲಿನ ತೊಟ್ಟೆಯನ್ನು, ಅಂದರೆ ಖಾಲಿ ಪ್ಯಾಕೆಟನ್ನು, ತೊಳೆದು ಕತ್ತರಿಸಿ ಬಾಯಿಗೆ ಹೊದೆಸಿ, ಅದರ ಮೇಲೆ ಮುಚ್ಚಳ ಬಿಗಿದುಕೊಟ್ಟರು. ಹುಡುಗ ದುಬೈ ಮುಟ್ಟಿ ಅಲಿ ಕುಂಞಿಯವರಿಗೆ ಫೋನು ಮಾಡಿದ. ಅಂಗಿಗಳು ಬಿಳಿಯಾಗಿಯೇ ಇದ್ದವು.

"ನಾನು ಬ್ಯಾಗು ಮಾರಿ ಇಷ್ಟು ವರ್ಷ ಆಯ್ತು, ಒಬ್ಬನೂ ಮುಟ್ಟಿದ ಮೇಲೆ ಫೋನು ಮಾಡಿದ್ದಿಲ್ಲ" ಎಂದು ಅಲಿ ಕುಂಞಿ ಇವತ್ತಿಗೂ ನಗುತ್ತಾರೆ. "ಆಗಲೇ ಹೇಳಿದೆ, ಮೋಹಿನಕ್ಕ, ಜಗಲಿ ಖಾಲಿ ಉಂಟು, ಒಂದು ಮೇಜು ಹಾಕಿ ಅಂತ. ಈಗ ಅವರ ಬಾಟ್ಲಿ ನೋಡ್ಲಿಕ್ಕೆ ಬಂದವರು ನನ್ನ ಬ್ಯಾಗು ತೆಗೊಂಡು ಹೋಗುದು."

ಹಾಲಿನ ತೊಟ್ಟೆ ಇಂದಿಗೂ ಮೋಹಿನಿಯವರ ಮುಖ್ಯ ಆಯುಧ. ಜಗಲಿಯ ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ತೊಳೆದ ತೊಟ್ಟೆಗಳು ಒಗೆದ ಬಟ್ಟೆಯ ಹಾಗೆ ನೇತಾಡುತ್ತವೆ. ಪೇಟೆಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಬಿಗಿಯುವಾಗ ಹರಿಯುತ್ತದೆ, ಇದು ಹರಿಯುವುದಿಲ್ಲ. ಟೇಪು ಸುತ್ತುವುದಕ್ಕೂ ಒಂದು ಲೆಕ್ಕ. ಮುಚ್ಚಳ ಯಾವ ಕಡೆಗೆ ತಿರುಗಿ ಬಿಗಿಯಾಗುತ್ತದೋ ಆ ಕಡೆಗೇ ಟೇಪು ಎಳೆಯಬೇಕು. ಉಲ್ಟಾ ಎಳೆದರೆ ಟೇಪೇ ಮುಚ್ಚಳವನ್ನು ಸಡಿಲ ಮಾಡುತ್ತದೆ. ಒತ್ತಿ ತೆಗೆಯುವ ಪಂಪಿನ ಬಾಟಲಿಯಾದರೆ ಪಂಪು ಕಳಚಿ ಬೇರೆ ಕಟ್ಟು, ಬಾಯಿಗೆ ಬೇರೆ ಮುಚ್ಚಳ. ಬೆರಳಿನಿಂದ ಎಬ್ಬಿಸುವ ಮುಚ್ಚಳಗಳ ಮೇಲೆ ಮಾತ್ರ ಅವರಿಗೆ ನಂಬಿಕೆಯೇ ಇಲ್ಲ. "ಅದು ಮುಚ್ಚಳ ಅಲ್ಲ, ಕಿಟಕಿ" ಎನ್ನುತ್ತಾರೆ.

ಕೈಚೀಲದಲ್ಲಿ ಒಯ್ಯುವ ಸಾಮಾನಿನದು ಇನ್ನೊಂದು ತಾಪತ್ರಯ. ನೂರು ಎಮ್ಮೆಲ್ಲಿಗಿಂತ ದೊಡ್ಡ ಬಾಟಲಿಯನ್ನು ವಿಮಾನ ನಿಲ್ದಾಣದ ತಪಾಸಣೆಯವರು ಒಳಗೆ ಬಿಡುವುದಿಲ್ಲ. ದೊಡ್ಡ ಬಾಟಲಿಯ ತಳದಲ್ಲಿ ಒಂದು ಹಿಡಿ ಶ್ಯಾಂಪೂ ಉಳಿಸಿ ತಂದು, "ಇದರಲ್ಲಿ ನೂರು ಎಮ್ಮೆಲ್ ಕೂಡ ಇಲ್ಲ" ಎಂದು ವಾದಿಸುವವರು ವಾರಕ್ಕೆ ನಾಲ್ಕು ಜನ. ಅವರಿಗೆಲ್ಲ ಮೋಹಿನಿಯವರ ಉತ್ತರ ಒಂದೇ. "ಒಳಗೆ ಎಷ್ಟು ಉಂಟು ಅಂತ ಅಲ್ಲಿ ಕೇಳುದಿಲ್ಲ ಮಾರಾಯ್ರೆ, ಬಾಟ್ಲಿ ಎಷ್ಟು ದೊಡ್ಡದು ಅಂತ ನೋಡುದು. ಸಣ್ಣದಕ್ಕೆ ಹಾಕಿ ಕೊಡ್ತೇನೆ, ಕೊಡಿ ಇಲ್ಲಿ." ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವವರು ಸುಗಂಧ ಸೋಕಿಸಿಕೊಳ್ಳುವ ಹಾಗಿಲ್ಲ, ಅವರಿಗೆ ಘಮವಿಲ್ಲದ ಸೋಪು, ಘಮವಿಲ್ಲದ ಎಣ್ಣೆ ಬೇಕು. ಅವರ ಸಣ್ಣ ಬಾಟಲಿಗಳು ಬೇರೆಯೇ ಡಬ್ಬಿಯಲ್ಲಿರುತ್ತವೆ, ಶ್ಯಾಂಪೂ ಕಂಡ ಬಾಟಲಿ ಆ ಡಬ್ಬಿಯ ಹತ್ತಿರ ಸುಳಿಯುವ ಹಾಗಿಲ್ಲ. ಕೊಯಿಲದ ಮುದುಕರೊಬ್ಬರು ತುಪ್ಪವನ್ನು ಕೈಚೀಲದಲ್ಲೇ ಒಯ್ಯುತ್ತೇನೆಂದು ಹಠ ಹಿಡಿದಾಗ, ಟಿಕೆಟ್ ಕೊಟ್ಟವರಿಗೇ ಫೋನು ಹಚ್ಚಿ ಅವರ ಕಿವಿಗಿಟ್ಟದ್ದೂ ಉಂಟು. ಬಿಡುವುದು ಬಿಡದಿರುವುದು ತನ್ನ ಕೈಯಲ್ಲಿಲ್ಲ, ಸೋರದಿರುವುದು ಮಾತ್ರ ತನ್ನ ಕೈಯಲ್ಲಿದೆ ಎಂದು ಅವರ ಲೆಕ್ಕ.

ಆ ಲೆಕ್ಕ ಒಂದು ಸಲ ತಪ್ಪಿತು.

ಕಳೆದ ಡಿಸೆಂಬರಿನಲ್ಲಿ ನವ್ಯಾ ಮದುವೆಯಾಗಿ ಮಸ್ಕತ್ತಿಗೆ ಹೊರಟಳು. ಜೊತೆಗೆ ಮನೆಯ ಎಣ್ಣೆ. ಶೀಲಾವತಿಯವರ ಮನೆಯಲ್ಲಿ ಒಂದು ಕ್ರಮ: ಮಗಳ ಜೊತೆ ಕಳಿಸುವ ಎಣ್ಣೆಯ ಪಾತ್ರೆ ಬಾಯಿತನಕ ತುಂಬಿರಬೇಕು. ಅರ್ಧ ತುಂಬಿದ್ದನ್ನು ಕೊಟ್ಟು ಮಗಳನ್ನು ಹೊರಡಿಸುವುದಿಲ್ಲ. ಹಾಗಾಗಿ ಗಟ್ಟಿಯಾದ ಎಣ್ಣೆಯನ್ನು ಚಮಚದಿಂದ ತೆಗೆತೆಗೆದು, ದಪ್ಪ ಪ್ಲಾಸ್ಟಿಕ್ಕಿನ ಅಗಲ ಬಾಯಿಯ ಬಾಟಲಿಗೆ ಒತ್ತಿ ಒತ್ತಿ ತುಂಬಿಸಿ ತಂದಿದ್ದರು. ಮೋಹಿನಿ ತೊಟ್ಟೆ ಹೊದೆಸಿ, ಬಿಗಿದು, ಟೇಪು ಎಳೆದು, ಎಂದಿನಂತೆ ತಲೆಕೆಳಗೆ ನಿಲ್ಲಿಸಿದರು. ಬೆಳಿಗ್ಗೆ ಪೇಪರಿನಲ್ಲಿ ಒಂದು ಚುಕ್ಕೆ ಇಲ್ಲ.

ಇರುವುದಾದರೂ ಹೇಗೆ? ಗಟ್ಟಿಯಾದ ಎಣ್ಣೆಯನ್ನು ಮುಚ್ಚಳವೇ ಇಲ್ಲದೆ ಬೋರಲು ಹಾಕಿದರೂ ಬೀಳುವುದಿಲ್ಲ. ದಾರಿಯ ಸೆಕೆಗೆ ಎಣ್ಣೆ ಕರಗಿತು, ಕರಗಿ ಉಬ್ಬಿತು. ಉಬ್ಬಲು ಒಳಗೆ ಕೂದಲಿನಷ್ಟೂ ಜಾಗವಿರಲಿಲ್ಲ, ಬಾಟಲಿಯೂ ಹಿಗ್ಗುವ ಜಾತಿಯದಲ್ಲ. ತೊಟ್ಟೆಯ ಅಂಚಿನಿಂದ ದಾರಿ ಮಾಡಿಕೊಂಡು ಎಣ್ಣೆ ಹೊರಗೆ ಬಂತು. ನವ್ಯಾಳ ಧಾರೆ ಸೀರೆಯ ಅಂಚು, ಕೆಲಸಕ್ಕೆ ಸೇರುವ ದಿನ ಹಾಕಬೇಕಿದ್ದ ಬಿಳಿ ಕೋಟು, ಎಲ್ಲ ಎಣ್ಣೆಮಯ.

ಮಾರನೇ ದಿನ ಶೀಲಾವತಿಯವರ ಫೋನು ಬಂತು. ಬೈಗುಳವನ್ನಾದರೆ ಮೋಹಿನಿ ತಡೆದುಕೊಳ್ಳುತ್ತಿದ್ದರು. ಆದರೆ ಅಲ್ಲಿ ಬೈಗುಳ ಇರಲಿಲ್ಲ. "ಸೀರೆ ಹೋಗ್ಲಿ, ಬಿಡು. ಮಗಳನ್ನು ಹೊರಡಿಸಿದ ಎಣ್ಣೆ ದಾರಿಯಲ್ಲಿ ಚೆಲ್ಲಿತಲ್ಲ ಮಾರಾಯ್ತಿ. ಅದು ಒಳ್ಳೆದಾ, ನೀನೇ ಹೇಳು" ಎಂದು ಅವರು ಮೆಲ್ಲಗೆ ಕೇಳಿದ್ದರು.

"ಆ ಮಾತು ಮೈಗೆ ಅಂಟಿಕೊಂಡಿತು" ಎನ್ನುತ್ತಾರೆ ಮೋಹಿನಿ. "ಬಟ್ಟೆಗೆ ಅಂಟಿದ್ದು ಸೋಪಿಗೆ ಹೋಗ್ತದೆ. ಇದು ಹೋಗ್ಲಿಲ್ಲ. ಅವರಿಗೆ ಹೇಳಿದೆ, ಅಕ್ಕ, ಮಗಳ ಬಾಣಂತನಕ್ಕೆ ನೀವು ಹೋಗುವಾಗ ಎಣ್ಣೆ ನನ್ನ ಹತ್ರವೇ ತನ್ನಿ. ಬೇರೆಯವರ ಹತ್ರ ಕಟ್ಟಿಸ್ಬೇಡಿ. ನಾನೇ ಕಟ್ಟಬೇಕು."

ಹೇಳುವುದು ಸುಲಭವಿತ್ತು. ಸುಳ್ಯದ ಬಸ್ಸುಗಳಲ್ಲಿ ಸುದ್ದಿ ಬಸ್ಸಿಗಿಂತ ಮೊದಲೇ ಓಡಿತು. ಜಗಲಿಯ ಕೆಳಗೆ ನಿಂತು, "ಇಲ್ಲಿ ಕಟ್ಟಿದ್ದು ಸೋರ್ತದಂತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಬ್ಯಾಗು ಮಾತ್ರ ಕೊಂಡು ಹೋಗುವವರು ಹೆಚ್ಚಾದರು. ಮೇಜು ಖಾಲಿ ಬಿದ್ದಿರುವ ದಿನಗಳೂ ಬಂದವು. ಖಾಲಿ ದಿನಗಳಲ್ಲಿ ಮೋಹಿನಿ ಮನೆಗೆ ಹೋಗಲಿಲ್ಲ. ಬಾಟಲಿಗಳನ್ನು ಹರಡಿಕೊಂಡು ಕೂತರು.

ಮನೆಯ ಫ್ರಿಜ್ಜಿನಲ್ಲಿ ಎಣ್ಣೆಯ ಬಾಟಲಿಗಳು ತುಂಬಿದವು. ಒಂದು ಹೊತ್ತು ಫ್ರಿಜ್ಜಿನಲ್ಲಿ, ಒಂದು ಹೊತ್ತು ಬಚ್ಚಲು ಮನೆಯ ತಗಡಿನ ಮಾಡಿನ ಮೇಲೆ ಬಿಸಿಲಿನಲ್ಲಿ. ಕಾಲೇಜು ಮುಗಿಸಿ ಬಂದ ಪ್ರೀತಿಕಾ ಫ್ರಿಜ್ಜು ತೆರೆದು, "ಅಮ್ಮ, ದೋಸೆ ಹಿಟ್ಟು ಎಲ್ಲಿ ಇಡುದು, ಮಸ್ಕತ್ತಲ್ಲಾ?" ಎಂದು ಕೇಳಿದ್ದಳು. ತಾಯಿಗೆ ನಗು ಬಂದರೂ ಬಾಟಲಿಗಳು ಹೊರಗೆ ಬರಲಿಲ್ಲ. ಮಗಳು ಹಿಟ್ಟಿನ ಪಾತ್ರೆಯನ್ನು ಪಕ್ಕದ ಮನೆಯಲ್ಲಿಟ್ಟು ಬಂದಳು.

ಬಿಸಿಯ ಪರೀಕ್ಷೆ ಮನೆಯಲ್ಲಾಯಿತು. ಎತ್ತರದ ಪರೀಕ್ಷೆ ಎಲ್ಲಿ? ಅದಕ್ಕೆ ಒದಗಿದವನು ಅದ್ದು. ಮಂಗಳೂರಿನಿಂದ ಮೀನು ತುಂಬಿಸಿಕೊಂಡು ಪುತ್ತೂರು, ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ಗಾಡಿ ಅವನದು. ಮಡಿಕೇರಿ ಮುಟ್ಟುವಾಗ ಅಂಗಡಿಯ ಚಿಪ್ಸ್ ತೊಟ್ಟೆಗಳು ಊದಿಕೊಳ್ಳುವುದನ್ನು ಯಾರು ನೋಡಿಲ್ಲ? ಮೇಲೆ ಹೋದ ಹಾಗೆ ಒಳಗಿನ ಗಾಳಿ ಹಿಗ್ಗುತ್ತದೆ. ವಿಮಾನದಲ್ಲೂ ಅದೇ. ಹಾಗಿದ್ದರೆ ಬಾಟಲಿಯನ್ನೂ ಘಾಟಿ ಹತ್ತಿಸಿ ನೋಡಬಹುದಲ್ಲ ಎಂಬುದು ಮೋಹಿನಿಯವರಿಗೆ ಹೊಳೆದ ದಾರಿ.

"ಮೊದಲ ದಿನ ನಾನು ಕೇಳಿದೆ, ಮೋಹಿನಕ್ಕ, ಬಂಗುಡೆಯ ಒಟ್ಟಿಗೆ ಶ್ಯಾಂಪೂ ಯಾಕೆ, ಮೀನಿಗೆ ತಲೆ ಮೀಯಿಸ್ಲಿಕ್ಕಾ ಅಂತ" ಎನ್ನುತ್ತಾನೆ ಅದ್ದು. "ಮತ್ತೆ ನೋಡಿದ್ರೆ ದಿನಾ ಬಾಟ್ಲಿ. ಹೋಗುವಾಗ ಕೊಡುದು, ಬರುವಾಗ ವಾಪಸು ತೆಗೊಳ್ಳುದು. ಐಸಿನ ಹತ್ರ ಒಂದು, ಎಂಜಿನಿನ ಹತ್ರ ಒಂದು. ಒಂದು ಸಲ ನಾನೇ ಮರೆತು ಮಡಿಕೇರಿಯಲ್ಲಿ ಇಳಿಸಿ ಬಂದೆ. ಮಾರನೇ ದಿನ ಹೋಗಿ ತರುವವರೆಗೆ ನನ್ನ ಹತ್ರ ಮಾತಾಡ್ಲಿಲ್ಲ ಇವರು."

ಘಾಟಿ ಹತ್ತಿ ಇಳಿದ ಬಾಟಲಿಗಳು ಒಂದೊಂದಾಗಿ ಪಾಠ ಹೇಳಿದವು. ಬಾಯಿತನಕ ತುಂಬಿಸಿದ ಗಟ್ಟಿ ಬಾಟಲಿ ಬಿಸಿಗೆ ಸೋರುತ್ತದೆ. ಜಾಗ ಬಿಟ್ಟು ತುಂಬಿಸಿದರೆ ಆ ಜಾಗದಲ್ಲಿ ಗಾಳಿ ಕೂರುತ್ತದೆ, ಮೇಲೆ ಹೋದಾಗ ಆ ಗಾಳಿಯೇ ಹಿಗ್ಗಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಜಾಗವೂ ಬೇಕು, ಗಾಳಿಯೂ ಇರಬಾರದು. ಮಳೆಗಾಲವಿಡೀ ಮೋಹಿನಿ ಇದರ ಹಿಂದೆಯೇ ಇದ್ದರು. ಮುಚ್ಚಳ ಬಿಗಿದೂ ಬಿಗಿದೂ ಅವರ ಬಲಗೈ ಹೆಬ್ಬೆರಳಿನ ಗಂಟು ಊದಿಕೊಂಡಿದೆ, ಈಗಲೂ ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿದ ಮೇಲೆಯೇ ಮಡಚಲು ಬರುವುದು. "ಬಿಡಬಹುದಿತ್ತಲ್ಲ" ಎಂದರೆ ಅವರಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. "ಬಿಡುದು ಹೇಗೆ? ಅವರು ಬರ್ತಾರಲ್ಲ, ಬಂದಾಗ ಎಂತ ಹೇಳುದು?"

ಅವರು ಬಂದಿದ್ದಾರೆ. ಚಾ ಕುಡಿದು ಮುಗಿದಿದೆ. ಇನ್ನು ಕೆಲಸ.

ಮೋಹಿನಿ ಸ್ಟವ್ ಹಚ್ಚಿ ಬಾಣಲೆಯಲ್ಲಿ ನೀರು ಬೆಚ್ಚಗೆ ಮಾಡುತ್ತಾರೆ, ಅದರಲ್ಲಿ ಪಾತ್ರೆ ಇಡಲು ಕೈ ಚಾಚುತ್ತಾರೆ. ಶೀಲಾವತಿ ಪಾತ್ರೆ ಕೊಡದೆ, ತಾವೇ ಎದ್ದು ಬಂದು ನೀರಿನಲ್ಲಿ ಇಳಿಸುತ್ತಾರೆ. ಬಿಳಿ ಎಣ್ಣೆ ಅಂಚಿನಿಂದ ಮೆಲ್ಲಗೆ ಕರಗಿ, ನಡುವೆ ಒಂದು ದ್ವೀಪ ಉಳಿದು, ಅದೂ ಕರಗುತ್ತದೆ. ಜಗಲಿಯ ತುಂಬ ಕಾಯಿಹಾಲು ಕಾದ ಪರಿಮಳ. ಅಂಗಡಿಯೊಳಗಿಂದ ಅಲಿ ಕುಂಞಿ ಮೂಗೆಳೆದು, "ಇದನ್ನು ವಿಮಾನಕ್ಕೆ ಯಾಕೆ ಕಳಿಸುದು, ಇಲ್ಲೇ ಅಪ್ಪ ಕರಿದು ತಿನ್ನುವ" ಎನ್ನುತ್ತಾರೆ. ಶೀಲಾವತಿಯವರ ಮುಖ ಸಡಿಲವಾಗುವುದು ಆಗಲೇ.

ಸಡಿಲವಾದದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಮೋಹಿನಿ ಮೆತ್ತಗಿನ, ಒತ್ತಿದರೆ ಒಳಗೆ ಹೋಗುವ ಬಾಟಲಿಗಳನ್ನು ತೆಗೆದು ಎಣ್ಣೆ ಸುರಿಯುತ್ತಾ ಕುತ್ತಿಗೆಯ ಕೆಳಗೇ ನಿಲ್ಲಿಸಿದ್ದಾರೆ.

"ತುಂಬಿಸು" ಎನ್ನುತ್ತಾರೆ ಶೀಲಾವತಿ.

"ಇಷ್ಟೇ ಅಕ್ಕ."

"ಇಷ್ಟೇ ಅಂದ್ರೆ? ಬಾಯಿತನಕ ಬೇಕು. ಹೆರಿಗೆ ಮನೆಗೆ ಅರ್ಧ ಬಾಟ್ಲಿ ಹಿಡ್ಕೊಂಡು ಹೋಗುದಾ ನಾನು?"

"ಅರ್ಧ ಅಲ್ಲ ಅಕ್ಕ, ಒಂದು ಬೆರಳು ಕಡಿಮೆ."

"ಕಡಿಮೆ ಕಡಿಮೆಯೇ. ನನ್ನ ಅಮ್ಮ ನನಗೆ ಕೊಟ್ಟದ್ದು ತುಂಬಿಸಿಯೇ. ಕಳೆದ ಸಲ ತುಂಬಿಸಿ ಕೊಟ್ಟೆ, ಅದು ಚೆಲ್ಲಿತು. ಈ ಸಲ ತುಂಬಿಸದೆಯೇ ಕೊಡು ಅಂತೀಯ. ನನಗೆ ಎರಡೂ ಬೇಡ."

ಬೋಜಪ್ಪ ಹೆಂಡತಿಗೆ ಅರೆಭಾಷೆಯಲ್ಲಿ ಏನೋ ಸಮಾಧಾನ ಹೇಳಲು ಹೋಗುತ್ತಾರೆ. ಶೀಲಾವತಿ ಒಂದು ನೋಟ ನೋಡುತ್ತಾರೆ. ಬೋಜಪ್ಪ ಎದ್ದು ಬಸ್ಸುಗಳ ಬೋರ್ಡು ಓದಲು ಶುರು ಮಾಡುತ್ತಾರೆ.

ಈ ಮಾತು ಬರುತ್ತದೆಂದು ಮೋಹಿನಿಯವರಿಗೆ ಗೊತ್ತಿತ್ತು. ವರ್ಷವಿಡೀ ಗೊತ್ತಿತ್ತು. ಬಾಟಲಿಯನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ಅದರ ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತಾರೆ. ಬಾಟಲಿಯ ಎರಡೂ ಬದಿ ಒಳಗೆ ಹೋಗುತ್ತದೆ, ಎಣ್ಣೆ ಮೇಲೇಳುತ್ತದೆ. ಕುತ್ತಿಗೆ ದಾಟಿ, ಬಾಯಿಯ ಅಂಚಿಗೆ ಬಂದು, ಅಂಚಿನ ಮೇಲೆ ಹೊಳೆಯುತ್ತಾ ನಿಲ್ಲುತ್ತದೆ. ಇನ್ನೊಂದು ಹನಿ ಹಿಡಿಸದು.

"ನೋಡಿ ಅಕ್ಕ. ಬಾಯಿತನಕ ಉಂಟಾ ಇಲ್ವಾ?"

ಶೀಲಾವತಿ ಬಗ್ಗಿ ನೋಡುತ್ತಾರೆ. ಬೆರಳಿನ ತುದಿಯಿಂದ ಅಂಚನ್ನು ಮುಟ್ಟಿ, ಎಣ್ಣೆ ಹತ್ತಿದ ಬೆರಳನ್ನು ತಮ್ಮ ಬೈತಲೆಗೆ ಒರೆಸಿಕೊಳ್ಳುತ್ತಾರೆ.

"ಉಂಟು."

ಒತ್ತಿದ ಕೈ ಬಿಡದೆಯೇ ಮೋಹಿನಿ ಬಲಗೈಯಲ್ಲಿ ತೊಟ್ಟೆಯ ಚೂರು ಹೊದೆಸಿ ಮುಚ್ಚಳ ತಿರುಗಿಸುತ್ತಾರೆ. ಊದಿದ ಹೆಬ್ಬೆರಳು ಬಿಳಿಚುತ್ತದೆ, ಹಲ್ಲು ಕಚ್ಚಿಕೊಂಡು ಕೊನೆಯ ಸುತ್ತು. ಈಗ ಕೈ ಬಿಟ್ಟರೂ ಬಾಟಲಿಯ ಬದಿಗಳು ಒಳಗೇ ಉಳಿಯುತ್ತವೆ. ಒಳಗೆ ಗಾಳಿ ಇಲ್ಲ, ಬಾಟಲಿ ತುಂಬಿದೆ. ಎಣ್ಣೆ ಉಬ್ಬಿದರೆ ಉಬ್ಬಲಿ, ಒಳಗೆ ಹೋದ ಬದಿಗಳು ಅಷ್ಟಕ್ಕೆ ಹೊರಗೆ ಬರುತ್ತವೆ.

"ಎಂತ ಇದು, ಉಪವಾಸ ಮಾಡಿದವರ ಹಾಗೆ ಕಾಣ್ತದೆ" ಎನ್ನುತ್ತಾರೆ ಮರಳಿ ಬಂದ ಬೋಜಪ್ಪ.

"ನೋಡ್ಲಿಕ್ಕೆ ಹಾಗೆ ಅಣ್ಣ. ತುಂಬಿದ್ದು ಅಕ್ಕನೇ ನೋಡಿದ್ದಾರಲ್ಲ." ಮೋಹಿನಿ ಶೀಲಾವತಿಯ ಕಡೆ ತಿರುಗುತ್ತಾರೆ. "ಒಂದು ಮಾತು ನೆನಪಿಟ್ಕೊಳ್ಳಿ. ಅಲ್ಲಿ ಮುಚ್ಚಳ ತೆರೆಯುವಾಗ ಸುಮ್ಮನೆ ತೆರೆಯಬೇಡಿ. ನಾನು ಒತ್ತಿದ ಹಾಗೆ ಹೊಟ್ಟೆ ಒತ್ತಿ ಹಿಡಿದು ತೆರೆಯಿರಿ. ಆಗ ನಾವು ಇಲ್ಲಿ ತುಂಬಿಸಿದ ಹಾಗೇ ಕಾಣ್ತದೆ."

ಇನ್ನು ತಲೆಕೆಳಗೆ ನಿಲ್ಲಿಸುವ ಪರೀಕ್ಷೆ. ಮೋಹಿನಿ ಪೇಪರು ಹಾಸುತ್ತಾರೆ. ಶೀಲಾವತಿ ತಲೆ ಅಲ್ಲಾಡಿಸುತ್ತಾರೆ.

"ಪೇಪರು ಬೇಡ. ಕಳೆದ ಸಲ ಪೇಪರು ನಂಬಿದ್ದು ಸಾಕು. ನಾನೇ ಹಿಡಿತೇನೆ."

ಹಾಗೆ ಅವರು ಜಗಲಿಯ ಅಂಚಿಗೆ ಬಿಸಿಲು ಬೀಳುವ ಕಡೆ ಸ್ಟೂಲು ಎಳೆದುಕೊಂಡು, ಸೆರಗನ್ನು ಮಡಿಲಿಗೆ ಹರಡಿ, ಅದರ ಮೇಲೆ ಬಾಟಲಿಯನ್ನು ತಲೆಕೆಳಗೆ ಹಿಡಿದು ಕೂರುತ್ತಾರೆ. ದೇವಸ್ಥಾನಕ್ಕೆ ಹೊರಟವರು, ಆಫೀಸಿಗೆ ಹೊರಟವರು, ಶಾಲೆಯ ಮಕ್ಕಳು ನೋಡಿಕೊಂಡು ಹೋಗುತ್ತಾರೆ. ಬಿಸಿಲು ಏರುತ್ತದೆ. ಮೋಹಿನಿ ಬೇರೆಯವರ ಬಾಟಲಿ ಕಟ್ಟುತ್ತಾ ಕಟ್ಟುತ್ತಾ ಆಗಾಗ ಆ ಸೆರಗಿನ ಕಡೆ ಕಣ್ಣು ಹಾಯಿಸುತ್ತಾರೆ. ಕೊನೆಗೆ ಮಂಗಳೂರಿಗೆ ಹೋಗುವ ಕಾರು ಬಂದು ಹಾರ್ನು ಹೊಡೆದಾಗ ಶೀಲಾವತಿ ಎದ್ದು, ತಿಳಿ ಹಸಿರು ಸೆರಗನ್ನು ಕೊಡವಿ, ಬಿಸಿಲಿಗೆ ಹಿಡಿದು ನೋಡುತ್ತಾರೆ. ಮೋಹಿನಿ ಪೇಪರು ನೋಡುವ ಹಾಗೆಯೇ.

"ಒಣಗಿಯೇ ಉಂಟು" ಎಂದು ಬಾಟಲಿಯನ್ನು ಮೊದಲ ಸಲ ಮೋಹಿನಿಯವರ ಕೈಗೆ ಕೊಡುತ್ತಾರೆ. ಮೋಹಿನಿ ಅದನ್ನೂ ಅದೇ ಕ್ರಮದಲ್ಲಿ ಕಟ್ಟಿದ ಉಳಿದವನ್ನೂ ಗಾಳಿ ತೆಗೆದ ತೊಟ್ಟೆಯಲ್ಲಿಟ್ಟು, ಶೀಲಾವತಿಯವರೇ ತಂದಿದ್ದ ಹಳೆಯ ಹತ್ತಿ ಸೀರೆಯ ತುಂಡಿನಿಂದ ಸುತ್ತಿ, ಸೂಟ್‌ಕೇಸಿನ ನಡುಮಧ್ಯ ಇಡುತ್ತಾರೆ. ಹತ್ತಿ ಸೀರೆ ಶೀಲಾವತಿಯವರ ಯೋಚನೆ. ಹನಿ ಬಂದರೆ ಅದು ಕುಡಿಯುತ್ತದೆ, ಬಾರದಿದ್ದರೆ ಮಗುವಿಗೆ ಮೆತ್ತಗಿನ ಬಟ್ಟೆಯಾಗುತ್ತದೆ. "ಇದು ನನಗೆ ಹೊಳೆದಿರ್ಲಿಲ್ಲ ಅಕ್ಕ. ಇನ್ನು ಎಲ್ಲರಿಗೂ ಹೇಳ್ತೇನೆ" ಎನ್ನುತ್ತಾರೆ ಮೋಹಿನಿ.

ಕಾರು ಹೋದ ಮೇಲೆ ಅವರ ಕೈ ಕೆಲಸದಲ್ಲಿ ನಿಲ್ಲಲಿಲ್ಲ. ಒಂದು ಮುಚ್ಚಳವನ್ನು ಉಲ್ಟಾ ಟೇಪು ಸುತ್ತಿ ಬಿಚ್ಚಿದರು. ಊಟಕ್ಕೆ ಕೂತವರು ಬುತ್ತಿ ತೆರೆದು ಹಾಗೇ ಮುಚ್ಚಿದರು. ಸಂಜೆ ಮನೆಗೆ ಹೋಗುವ ಬಸ್ಸಿನ ಕಿಟಕಿಯಿಂದ, ಕಾಣದ ವಿಮಾನಕ್ಕಾಗಿ ಆಕಾಶ ನೋಡಿದರು ಎಂದು ಪ್ರೀತಿಕಾ ಹೇಳುತ್ತಾಳೆ. ಬಸ್ಸಿನಲ್ಲಿ ಅವಳೂ ಇದ್ದಳು. "ಮಂಗಳೂರಿನ ವಿಮಾನ ಕೆದಂಬಾಡಿ ಮೇಲೆ ಹೋಗ್ತದಾ ಅಮ್ಮ ಅಂತ ಕೇಳಿದ್ದಕ್ಕೆ, ನೀನು ಸುಮ್ಮನೆ ಕೂತ್ಕೋ ಅಂದ್ರು."

ಮರುದಿನ ಬೆಳಿಗ್ಗೆ ಮತ್ತದೇ ಜಗಲಿ. ಉಮ್ರಾಕ್ಕೆ ಹೊರಟ ಅಜ್ಜಿಯ ಸಾಮಾನು ಹಿಡಿದುಕೊಂಡು ಕಾಲೇಜು ಹುಡುಗಿ ಆಯಿಶತ್ ಶಿಫಾ ಬಂದಿದ್ದಾಳೆ. ಘಮವಿಲ್ಲದ ಸೋಪಿನ ನೀರು, ಕಾಲುನೋವಿನ ತೈಲ. ಮೋಹಿನಿ ಬೇರೆಯ ಡಬ್ಬಿ ತೆರೆಯುತ್ತಿರುವಾಗ ಫೋನು ಸದ್ದು ಮಾಡುತ್ತದೆ. ಮಸ್ಕತ್ತಿನಿಂದ ಶೀಲಾವತಿಯವರ ಧ್ವನಿಸಂದೇಶ. ಮೋಹಿನಿ ಕೈ ಒರೆಸಿಕೊಳ್ಳುತ್ತಾರೆ, ಮತ್ತೊಮ್ಮೆ ಒರೆಸಿಕೊಳ್ಳುತ್ತಾರೆ, ಆಮೇಲೆ ಒತ್ತುತ್ತಾರೆ.

"ಮೋಹಿನಿ, ನಾನು ಮುಟ್ಟಿದೆ. ಸೀರೆಯ ತುಂಡು ಒಣಗಿಯೇ ಉಂಟು, ಮಗುವಿಗೆ ತೆಗೆದಿಟ್ಟಿದ್ದೇನೆ. ನವ್ಯಾನ ಕೈಯಲ್ಲೇ ತೆರೆಸಿದೆ, ನೀನು ಹೇಳಿದ ಹಾಗೆ ಹೊಟ್ಟೆ ಒತ್ತಿ ಹಿಡಿದು. ಬಾಯಿತನಕ ಉಂಟು ಮಾರಾಯ್ತಿ. ಒಂದು ಹನಿ ಕಡಿಮೆ ಇಲ್ಲ. ಅವಳ ತಲೆಗೆ ಹಾಕಿ ಮೀಯಿಸಿದ್ದೂ ಆಯ್ತು. ಈಗ ಮಲಗಿದ್ದಾಳೆ."

ಮೋಹಿನಿ ಅದನ್ನು ಇನ್ನೊಮ್ಮೆ ಕೇಳುವುದಿಲ್ಲ. ಅಲಿ ಕುಂಞಿಯೇ ಒಳಗಿಂದ ಬಂದು, ಫೋನು ತೆಗೆದುಕೊಂಡು, ಇಡೀ ಅಂಗಡಿ ಸಾಲಿಗೆ ಕೇಳುವ ಹಾಗೆ ಮತ್ತೆ ಹಾಕುತ್ತಾರೆ. "ಇನ್ನು ನಿಮ್ಮ ಹೆಸರಿನ ಬೋರ್ಡು ಹಾಕುವ, ಮೋಹಿನಕ್ಕ. ದೊಡ್ಡದು."

"ಬೋರ್ಡು ಬೇಡ ಕುಂಞಾಕ. ಜಗಲಿಗೆ ಒಂದು ನಳ್ಳಿ ಹಾಕಿಸಿ. ಎಣ್ಣೆ ಕೈ ತೊಳಿಲಿಕ್ಕೆ ಪ್ರತಿ ಸಲ ಹೋಟೆಲಿಗೆ ಓಡಿ ಸಾಕಾಯ್ತು. ಅಷ್ಟಾದ್ರೆ ಸಾಕು."

ನಳ್ಳಿಯ ಮಾತು ಅಲ್ಲಿಗೆ ನಿಲ್ಲುತ್ತದೆ, ಯಾಕೆಂದರೆ ಮೋಹಿನಿ ಆಗಲೇ ತೈಲದ ಬಾಟಲಿಯ ಹೊಟ್ಟೆ ಒತ್ತಿ ಹಿಡಿದಿದ್ದಾರೆ. ಎಣ್ಣೆ ಅಂಚಿಗೆ ಬಂದು ಹೊಳೆಯುತ್ತದೆ. ತೊಟ್ಟೆ, ಮುಚ್ಚಳ, ಕೊನೆಯ ಸುತ್ತು. ಶಿಫಾ ಸ್ವಲ್ಪ ಅನುಮಾನದಿಂದಲೇ ನೋಡುತ್ತಿದ್ದಾಳೆ. ಅಜ್ಜಿಯ ಬಿಳಿ ಬಟ್ಟೆಗಳೆಲ್ಲ ಅದೇ ಪೆಟ್ಟಿಗೆಯಲ್ಲಿವೆ.

"ಮೋಹಿನಕ್ಕ, ಕೇಳಿದೆ ಅಂತ ಬೇಜಾರು ಮಾಡ್ಬೇಡಿ. ಇದು ಸೋರುದಿಲ್ಲ ಅಲ್ವಾ?"

ಕಳೆದ ಒಂದು ವರ್ಷ ಇದೇ ಪ್ರಶ್ನೆಗೆ ಮೋಹಿನಿ ತಲೆ ತಗ್ಗಿಸುತ್ತಿದ್ದರು. ಇವತ್ತು ಬಾಟಲಿಯನ್ನು ತಲೆಕೆಳಗೆ ಮಾಡಿ ಹುಡುಗಿಯ ಅಂಗೈಯಲ್ಲಿ ನಿಲ್ಲಿಸುತ್ತಾರೆ.

"ನೀನೇ ಹಿಡ್ಕೋ ಮಗಾ" ಎನ್ನುತ್ತಾರೆ, ಜಗಲಿಯ ಮೆಟ್ಟಿಲು ಇಳಿಯುತ್ತಾ. "ನಾನು ಚಾ ಕುಡಿದು ಬರ್ತೇನೆ."